ಹೆಸರಿಗೊಂದು ಕಲ್ಲು

ಕಳೆದ ಮಳೆಗಾಲದಲ್ಲಿ ಒಂಬತ್ತನೆಯ ಇಯತ್ತೆಯ ಮಕ್ಕಳಿಗೆ ಮೊದಲನೆಯ ಮಹಾಯುದ್ಧದ ವಿಷಯ ಹೇಳುತ್ತಿದ್ದೆ. ಬೆಲ್ಜಿಯಂ ದೇಶದ ಒಂದು ಯುದ್ಧ ಸ್ಮಶಾನದ ಚಿತ್ರವನ್ನು ತೋರಿಸಿದೆ. ಹಸಿರು ಹುಲ್ಲಿನ ಮೇಲೆ ಸಾಲುಸಾಲಾಗಿ ನಿಂತ ಸಾವಿರಾರು ಬಿಳಿಯ ಕಲ್ಲುಗಳು. ಕಲ್ಲುಗಳ ಬುಡದಲ್ಲಿ ಹೂವಿನ ಗಿಡಗಳು. ಮಕ್ಕಳು ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಆಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಸರ್, ಸತ್ತು ನೂರು ವರ್ಷ ಆದ್ರೂ ಇನ್ನೂ ಹುಲ್ಲು ಕತ್ತರಿಸ್ತಾರಂದ್ರ ಎಷ್ಟು ರೊಕ್ಕ ಆಗ್ತದ್ರಿ? ಅಷ್ಟರಾಗ ಎಷ್ಟು ಸಾಲಿ ಕಟ್ಟಬಹುದಿತ್ತಲ್ರಿ?"

ತರಗತಿ ಗೊಳ್ಳೆಂದು ನಕ್ಕಿತು. ಆದರೆ ಹುಡುಗನ ಪ್ರಶ್ನೆ ನಗುವಂಥದ್ದಾಗಿರಲಿಲ್ಲ. ಮಳೆಗೆ ಸೋರುವ ಮಾಡಿನ ಕೆಳಗೆ ಕೂತು ಓದುವ ಮಗು ಹಾಗೆ ಕೇಳಿದರೆ ತಪ್ಪೇನು? ನಾನು ಉತ್ತರ ಹೇಳುವುದರೊಳಗೆ ಗಂಟೆ ಬಾರಿಸಿತು. ಅಂದು ಉಳಿದ ಬಾಕಿಯನ್ನು ಈ ಲೇಖನದಲ್ಲಿ ತೀರಿಸುತ್ತೇನೆ. ನಮ್ಮ ಜತ್ತ ಸೀಮೆಯ ಎಷ್ಟೋ ಮನೆಗಳಿಂದ ಹುಡುಗರು ಮಿಲಿಟರಿಗೆ ಹೋಗುತ್ತಾರೆ. ಆದ್ದರಿಂದ ಪಾಲಕರೂ ಇದನ್ನು ಓದಬೇಕೆಂದು ನನ್ನ ವಿನಂತಿ.

ಮೊದಲು ಆ ಸ್ಮಶಾನಗಳು ಹುಟ್ಟಿದ ಬಗೆಯನ್ನು ತಿಳಿಯೋಣ. 1914ರವರೆಗೆ ಯುರೋಪಿನ ಯುದ್ಧಗಳಲ್ಲಿ ಸತ್ತ ಸಾಮಾನ್ಯ ಸಿಪಾಯಿಗೆ ಗೋರಿ ಎಂಬುದೇ ಅಪರೂಪ. ದೊರೆಗೆ, ಸೇನಾಪತಿಗೆ ಪ್ರತಿಮೆ. ಸಿಪಾಯಿಗೆ ಹತ್ತು ಜನರ ಜೊತೆ ಒಂದೇ ಗುಂಡಿ. 1914ರಲ್ಲಿ ಫೇಬಿಯನ್ ವೇರ್ ಎಂಬ ಇಂಗ್ಲಿಷ್ ಗೃಹಸ್ಥನು ರೆಡ್ ಕ್ರಾಸ್ ಸಂಸ್ಥೆಯ ವಾಹನಗಳ ತಂಡದೊಂದಿಗೆ ಫ್ರಾನ್ಸಿಗೆ ಹೋದನು. ಸೈನ್ಯಕ್ಕೆ ಸೇರುವ ವಯಸ್ಸು ಅವನಿಗೆ ಮೀರಿತ್ತು. ಗಾಯಾಳುಗಳನ್ನು ಸಾಗಿಸುತ್ತಿದ್ದ ಅವನು ಒಂದು ಸಂಗತಿಯನ್ನು ಗಮನಿಸಿದನು: ಸತ್ತವರನ್ನು ಎಲ್ಲಿ ಹೂಳಿದರು, ಯಾರನ್ನು ಹೂಳಿದರು ಎಂದು ಬರೆದಿಡುವವರೇ ಇಲ್ಲ. ಅವನ ತಂಡ ಆ ಕೆಲಸವನ್ನು ಕೈಗೆತ್ತಿಕೊಂಡಿತು. ಅದೇ ಬೆಳೆದು 1917ರ ಮೇ 21ರಂದು ಒಂದು ಆಯೋಗವಾಯಿತು. 1960ರಿಂದ ಅದರ ಹೆಸರು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ. ಎರಡು ಮಹಾಯುದ್ಧಗಳಲ್ಲಿ ಮಡಿದ ಸುಮಾರು 17 ಲಕ್ಷ ಜನರ ಸಮಾಧಿ ಮತ್ತು ಸ್ಮಾರಕಗಳನ್ನು ಇಂದು ಅದು ನೋಡಿಕೊಳ್ಳುತ್ತಿದೆ. 150ಕ್ಕೂ ಹೆಚ್ಚು ದೇಶಗಳಲ್ಲಿ ಅದರ ಸುಮಾರು 23,000 ಸ್ಥಳಗಳಿವೆ. ಖರ್ಚನ್ನು ಬ್ರಿಟನ್, ಕೆನಡ, ಆಸ್ಟ್ರೇಲಿಯ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕ ಮತ್ತು ಭಾರತ, ಈ ಆರು ದೇಶಗಳು ತಂತಮ್ಮ ಸಮಾಧಿಗಳ ಸಂಖ್ಯೆಗೆ ತಕ್ಕಂತೆ ಹಂಚಿಕೊಳ್ಳುತ್ತವೆ. ಹೌದು, ಅದರಲ್ಲಿ ನಮ್ಮ ರೊಕ್ಕವೂ ಇದೆ.

ಆಯೋಗ ಹಾಕಿಕೊಂಡ ನಿಯಮಗಳು ಸರಳ. ಸತ್ತ ಪ್ರತಿಯೊಬ್ಬನ ಹೆಸರೂ ಕಲ್ಲಿನ ಮೇಲೆ ಇರಬೇಕು. ಕಲ್ಲು ಶಾಶ್ವತವಾಗಿರಬೇಕು. ಎಲ್ಲರ ಕಲ್ಲೂ ಒಂದೇ ಅಳತೆಯದಾಗಿರಬೇಕು. ಅಧಿಕಾರ, ಜನಾಂಗ, ಮತ ಎಂಬ ಭೇದ ಇರಕೂಡದು. ಜನರಲ್‌ನ ಕಲ್ಲೂ ಎರಡೂವರೆ ಅಡಿಗಿಂತ ತುಸು ಎತ್ತರ, ಅಡುಗೆಯವನ ಕಲ್ಲೂ ಅಷ್ಟೇ. ಹಣವಂತರು ಮಾತ್ರ ಹೆಣವನ್ನು ಊರಿಗೆ ತರಿಸಿಕೊಂಡು ಬಡವರು ಬಿಟ್ಟುಬಿಡುವ ಹಾಗಾಗಬಾರದೆಂದು, ಯಾರ ದೇಹವನ್ನೂ ತಾಯ್ನಾಡಿಗೆ ಒಯ್ಯಕೂಡದೆಂಬ ಕಟ್ಟಪ್ಪಣೆಯೂ ಇತ್ತು.

ಇದು ಸುಲಭವಾಗಿ ನಡೆದ ಮಾತಲ್ಲ. ಮೂವರು ಗಂಡುಮಕ್ಕಳನ್ನು ಯುದ್ಧದಲ್ಲಿ ಕಳೆದುಕೊಂಡ ಲೇಡಿ ಫ್ಲಾರೆನ್ಸ್ ಸೆಸಿಲ್ ಎಂಬ ತಾಯಿ 1919ರಲ್ಲಿ ಒಂದು ಮನವಿ ಸಲ್ಲಿಸಿದಳು. ಕಲ್ಲಿನ ಬದಲು ಶಿಲುಬೆ ಇರಲಿ ಎಂದು ಕೇಳಿದ ಆ ಮನವಿಗೆ 8,000ಕ್ಕೂ ಹೆಚ್ಚು ಸಹಿಗಳಿದ್ದವು. ನನ್ನ ಮಗನ ಗೋರಿ ಹೇಗಿರಬೇಕೆಂದು ಸರಕಾರ ಹೇಳುವುದೇ ಎಂದು ಎಷ್ಟೋ ಮನೆಯವರು ನೊಂದುಕೊಂಡರು. 1920ರ ಮೇ 4ರಂದು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಇದರ ಮೇಲೆ ದೊಡ್ಡ ಚರ್ಚೆಯೇ ನಡೆಯಿತು; ಕೊನೆಗೆ ಆಯೋಗದ ನಿಯಮವೇ ನಿಂತಿತು. ಆ ತಾಯಂದಿರ ದುಃಖಕ್ಕೆ ನಾನು ತಲೆಬಾಗುತ್ತೇನೆ. ಆದರೂ ನಿಯಮ ನಿಂತದ್ದು ಒಳ್ಳೆಯದಾಯಿತೆಂದೇ ನನ್ನ ಅಭಿಪ್ರಾಯ. ಬದುಕಿದ್ದಾಗ ಒಂದೇ ಸಾಲಿನಲ್ಲಿ ಕೂತು ಉಣ್ಣದವರು ಸತ್ತ ಮೇಲಾದರೂ ಒಂದೇ ಸಾಲಿನಲ್ಲಿ ಮಲಗಿದರು.

ಇನ್ನು ಹುಲ್ಲಿನ ವಿಷಯ. ಕಲ್ಲು ನೆಟ್ಟ ಮಾತ್ರಕ್ಕೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಯುರೋಪಿನ ಹವೆಯಲ್ಲಿ ಮಳೆ, ಮಂಜು ಹೆಚ್ಚು. ಬಿಳಿಯ ಕಲ್ಲಿಗೆ ಬೇಗನೆ ಪಾಚಿ ಹಿಡಿಯುತ್ತದೆ. ಅದನ್ನು ತೊಳೆಯಬೇಕು. ಮಳೆಹನಿ ಬಿದ್ದು ಮಣ್ಣು ಸಿಡಿದು ಅಕ್ಷರಗಳನ್ನು ಮುಚ್ಚಬಾರದೆಂದು ಕಲ್ಲಿನ ಬುಡದಲ್ಲಿ ಗಿಡ್ಡ ಜಾತಿಯ ಹೂಗಿಡಗಳನ್ನು ಹಾಕುತ್ತಾರೆ. ಚಿತ್ರದಲ್ಲಿ ಕಂಡ ಹೂವು ಬರಿಯ ಅಲಂಕಾರಕ್ಕಲ್ಲ, ಹೆಸರನ್ನು ಕಾಯುವುದಕ್ಕೆ. ಅಕ್ಷರಗಳು ಸವೆದರೆ ಮತ್ತೆ ಕೆತ್ತುತ್ತಾರೆ. ಕಲ್ಲು ಒಡೆದರೆ ಬೇರೆ ನಿಲ್ಲಿಸುತ್ತಾರೆ. ಹೊಲ ಉಳುವಾಗ, ರಸ್ತೆ ಅಗೆಯುವಾಗ ಇಂದಿಗೂ ಸೈನಿಕರ ಎಲುಬುಗಳು ಸಿಗುತ್ತವೆ. ಗುಂಡಿ, ಬಿಲ್ಲೆ, ಬೂಟುಗಳನ್ನು ಪರೀಕ್ಷಿಸಿ, ಆದಷ್ಟು ಹೆಸರು ಪತ್ತೆಮಾಡಿ, ಗೌರವದಿಂದ ಹೂಳುತ್ತಾರೆ. ಹೆಸರು ಸಿಗದಿದ್ದರೆ, ಇವನು ಯಾರೆಂದು ದೇವರೊಬ್ಬನಿಗೆ ಗೊತ್ತು ಎಂಬ ಅರ್ಥದ ಮಾತನ್ನು ಕೆತ್ತುತ್ತಾರೆ. ಈ ಮಾತನ್ನು ಆರಿಸಿಕೊಟ್ಟವನು ಕವಿ ಕಿಪ್ಲಿಂಗ್. ಅವನ ಒಬ್ಬನೇ ಮಗ 1915ರಲ್ಲಿ ಲೂಸ್ ಎಂಬಲ್ಲಿ ಕಾಣೆಯಾದನು. ತಂದೆ ಬದುಕಿರುವವರೆಗೂ ಮಗನ ದೇಹ ಎಲ್ಲಿದೆ ಎಂದು ತಿಳಿಯಲಿಲ್ಲ.

ಬೆಲ್ಜಿಯಮ್ಮಿನ ಈಪ್ರ್ ಪಟ್ಟಣದ ಮೆನಿನ್ ಹೆಬ್ಬಾಗಿಲಿನ ಮೇಲೆ ಹೀಗೆ ಗೋರಿಯೇ ಗೊತ್ತಿಲ್ಲದ 54,000ಕ್ಕೂ ಹೆಚ್ಚು ಜನರ ಹೆಸರುಗಳಿವೆ. ಅವುಗಳಲ್ಲಿ ಭಾರತೀಯರ ಹೆಸರುಗಳೂ ಇವೆ. 1928ರಿಂದ ಪ್ರತಿ ರಾತ್ರಿ 8 ಗಂಟೆಗೆ ಆ ಬಾಗಿಲ ಕೆಳಗೆ ನಿಂತು ಕಹಳೆ ಊದುವ ಪದ್ಧತಿ ಅಲ್ಲಿದೆ. ಊದುವವರು ಊರಿನ ಬೆಂಕಿ ಆರಿಸುವ ದಳದೊಡನೆ ಸಂಬಂಧವುಳ್ಳ ಸ್ವಯಂಸೇವಕರು. 1940ರಲ್ಲಿ ಜರ್ಮನರು ಊರನ್ನು ಹಿಡಿದಾಗ ಅದು ನಿಂತಿತು. 1944ರ ಸೆಪ್ಟೆಂಬರ್ 6ರಂದು ಊರು ಬಿಡುಗಡೆಯಾದ ದಿನ ಸಂಜೆಯೇ ಮತ್ತೆ ಕೇಳಿಸಿತು.

ಇಷ್ಟೆಲ್ಲ ಏತಕ್ಕೆ? ಅದೇ ದೇಶದ ಮಾನ್ಸ್ ಪಟ್ಟಣದ ಬಳಿ ಸೇಂಟ್ ಸಿಂಫೋರಿಯನ್ ಎಂಬ ಸ್ಮಶಾನವಿದೆ. ಅಲ್ಲಿ ಜಾನ್ ಪಾರ್ ಎಂಬ ಸಿಪಾಯಿಯ ಸಮಾಧಿಯಿದೆ. 1914ರ ಆಗಸ್ಟ್ 21ರಂದು, ಬ್ರಿಟಿಷ್ ಸೈನ್ಯದ ದೊಡ್ಡ ಕಾಳಗ ಶುರುವಾಗುವ ಮೊದಲೇ, ಅವನು ಸತ್ತನು. ಕಲ್ಲಿನ ಮೇಲೆ ವಯಸ್ಸು 20 ಎಂದಿದೆ. ನಿಜವಾಗಿ ಅವನಿಗೆ 17. ಸುಳ್ಳು ವಯಸ್ಸು ಹೇಳಿ ಭರ್ತಿಯಾಗಿದ್ದನು. ಅವನೆದುರಿಗೆ ಕೆಲವೇ ಮಾರು ದೂರದಲ್ಲಿ ಜಾರ್ಜ್ ಎಲಿಸನ್ ಎಂಬವನ ಸಮಾಧಿಯಿದೆ. ಗಣಿಯಲ್ಲಿ ಕಲ್ಲಿದ್ದಲು ಅಗೆದು ಬದುಕಿದ್ದ ನಲವತ್ತು ವರ್ಷದವನು. ಅವನು 1918ರ ನವೆಂಬರ್ 11ರಂದು, ಯುದ್ಧ ನಿಲ್ಲಲು ಇನ್ನು ಒಂದೂವರೆ ಗಂಟೆ ಇರುವಾಗ ಸತ್ತನು. ಆ ಯುದ್ಧದಲ್ಲಿ ಕಾದಾಡುತ್ತ ಸತ್ತ ಬ್ರಿಟಿಷ್ ಸಿಪಾಯಿಗಳಲ್ಲಿ ಅವನು ಮೊದಲಿಗ, ಇವನು ಕೊನೆಯವನು ಎಂದು ಹೇಳುತ್ತಾರೆ. ಬೇಕೆಂದು ಹೀಗೆ ಎದುರುಬದುರು ಮಲಗಿಸಿದ್ದಲ್ಲ, ತಾನಾಗಿ ಒದಗಿದ್ದು. ನಾಲ್ಕು ವರ್ಷ, ಲಕ್ಷಗಟ್ಟಲೆ ಹೆಣ. ಆ ಇಬ್ಬರ ನಡುವಿನ ಅಂತರ ಮಾತ್ರ ಕೆಲವು ಹೆಜ್ಜೆ.

ಪುಸ್ತಕದಲ್ಲಿ "ಲಕ್ಷಗಟ್ಟಲೆ ಜನ ಮಡಿದರು" ಎಂದು ಓದಿ ಪರೀಕ್ಷೆಯಲ್ಲಿ ಬರೆದು ಮರೆತುಬಿಡುತ್ತೇವೆ. ಹದಿನೇಳು ವರ್ಷದ ಒಬ್ಬ ಹುಡುಗನ ಕಲ್ಲಿನ ಮುಂದೆ ನಿಂತರೆ ಹಾಗೆ ಮರೆಯಲಾಗದು. ಯುದ್ಧದ ಲೆಕ್ಕವನ್ನು ಒಟ್ಟು ಮೊತ್ತದಲ್ಲಿ ಹೇಳಿದರೆ ಅದು ಸಣ್ಣದಾಗಿ ಕಾಣುತ್ತದೆ. ಒಬ್ಬೊಬ್ಬನ ಹೆಸರು ಹಿಡಿದು ಹೇಳಿದಾಗಲೇ ಅದರ ಭಾರ ತಿಳಿಯುತ್ತದೆ. ಆ ಸ್ಮಶಾನಗಳು ಯುದ್ಧದ ಜಮಾಖರ್ಚಿನ ಪುಸ್ತಕಗಳು. ಹುಲ್ಲು ಕತ್ತರಿಸುವುದೆಂದರೆ ಆ ಪುಸ್ತಕಕ್ಕೆ ಗೆದ್ದಲು ಹಿಡಿಯದಂತೆ ಕಾಯುವುದು.

ಒಂದು ಆಕ್ಷೇಪಣೆ ಬರಬಹುದು: ಇಷ್ಟು ಚೆಂದವಾಗಿಟ್ಟರೆ ಯುದ್ಧವೇ ಚೆಂದ ಎಂಬ ಭ್ರಮೆ ಹುಟ್ಟುವುದಿಲ್ಲವೇ? ಹುಟ್ಟಬಹುದು. ಹೂವು ನೋಡಿ ಹೊರಟುಹೋಗುವವನಿಗೆ ಹಾಗಾದೀತು. ಅಂಥವನು ಫ್ರಾನ್ಸಿನ ವರ್ಡನ್ ಬಳಿಯ ದುವಾಮಾನ್ ಅಸ್ಥಿಗೃಹಕ್ಕೆ ಹೋಗಬೇಕು. 1916ರಲ್ಲಿ ಹತ್ತು ತಿಂಗಳು ನಡೆದ ಕಾಳಗದಲ್ಲಿ ಮಡಿದ, ಗುರುತು ಸಿಗದ ಸುಮಾರು 1,30,000 ಜನರ ಎಲುಬುಗಳು ಅಲ್ಲಿವೆ. ಚಿಕ್ಕ ಕಿಟಕಿಗಳಿಂದ ಅವು ಕಾಣುತ್ತವೆ. ಫ್ರೆಂಚರದು ಯಾವುದು, ಜರ್ಮನರದು ಯಾವುದು ಎಂದು ಯಾರೂ ಹೇಳಲಾರರು. 1984ರ ಸೆಪ್ಟೆಂಬರ್ 22ರಂದು ಫ್ರಾನ್ಸಿನ ಅಧ್ಯಕ್ಷ ಮಿತ್ತೆರಾಂ ಮತ್ತು ಜರ್ಮನಿಯ ಚಾನ್ಸಲರ್ ಕೋಲ್ ಅಲ್ಲಿಯೇ ಒಬ್ಬರ ಕೈಯನ್ನು ಒಬ್ಬರು ಹಿಡಿದು ನಿಂತರು. ಭಾಷಣಕ್ಕಿಂತ ಹೆಚ್ಚಿನ ಮಾತನ್ನು ಆ ಕೈಗಳು ಹೇಳಿದವು.

ಸೋತವರ ಸಮಾಧಿಗಳ ಗತಿಯೇನು ಎಂದು ಕೇಳುವಿರಿ. ಸೇಂಟ್ ಸಿಂಫೋರಿಯನ್ನಿನ ನೆಲವನ್ನು ದಾನ ಕೊಟ್ಟ ಊರಿನ ಗೃಹಸ್ಥನು, ಎರಡೂ ಕಡೆಯವರಿಗೆ ಸಮನಾದ ಗೌರವ ಸಿಗಬೇಕೆಂದು ಷರತ್ತು ಹಾಕಿದ್ದನು. ಇಂದಿಗೂ ಅಲ್ಲಿ ಜರ್ಮನರೂ ಬ್ರಿಟಿಷರೂ ಒಂದೇ ತೋಟದಲ್ಲಿದ್ದಾರೆ. ಜರ್ಮನಿಯಲ್ಲಿ 1919ರಲ್ಲಿ ಸ್ಥಾಪನೆಯಾದ ಫೋಕ್ಸ್‌ಬುಂಡ್ ಎಂಬ ಸಂಘವಿದೆ. ಅದರ ಬಹುಪಾಲು ಹಣ ಬರುವುದು ಸದಸ್ಯರ ವರ್ಗಣಿ ಮತ್ತು ಜನರ ದೇಣಿಗೆಯಿಂದ. 1953ರಲ್ಲಿ ಬೆಲ್ಜಿಯಮ್ಮಿನ ಲೊಮ್ಮೆಲ್ ಎಂಬಲ್ಲಿ ಅದು ತರುಣರ ಶಿಬಿರ ನಡೆಸಿತು. ಹಿಂದೆ ಶತ್ರುಗಳಾಗಿದ್ದ ದೇಶಗಳ ಹುಡುಗ ಹುಡುಗಿಯರು ಬಂದು ಜರ್ಮನ್ ಸಿಪಾಯಿಗಳ ಸಮಾಧಿಯ ನೆಲವನ್ನು ಹಸನು ಮಾಡಿದರು. ಯುದ್ಧ ಮುಗಿದು ಆಗ ಎಂಟೇ ವರ್ಷ! ಅಂಥ ಶಿಬಿರಗಳು ಈಗಲೂ ನಡೆಯುತ್ತವೆ.

ಹಾಲೆಂಡಿನ ಮಾರ್‌ಗ್ರಾಟನ್ ಎಂಬ ಹಳ್ಳಿಯ ಕಥೆ ಇನ್ನೂ ಹತ್ತಿರದ್ದು. ಅಲ್ಲಿ ಎರಡನೆಯ ಮಹಾಯುದ್ಧದಲ್ಲಿ ಮಡಿದ 8,000ಕ್ಕೂ ಹೆಚ್ಚು ಅಮೆರಿಕನ್ ಸೈನಿಕರ ಸಮಾಧಿಗಳಿವೆ. ಮಳೆ ಕೆಸರಿನಲ್ಲಿ ಆ ಕುಣಿಗಳನ್ನು ತೋಡಿದವರಲ್ಲಿ ಬಹಳ ಮಂದಿ ಅಮೆರಿಕದ ಕರಿಯ ಸೈನಿಕರು. 1945ರಿಂದ ಸುತ್ತಲಿನ ಮನೆತನಗಳು ಒಂದೊಂದು ಸಮಾಧಿಯನ್ನು ದತ್ತು ತೆಗೆದುಕೊಂಡಿವೆ. ಹೂವು ಇಡುತ್ತಾರೆ, ಸತ್ತವನ ಮನೆಯವರಿಗೆ ಪತ್ರ ಬರೆಯುತ್ತಾರೆ. ತಂದೆಯ ನಂತರ ಮಗ, ತಾಯಿಯ ನಂತರ ಮಗಳು ಆ ಸಮಾಧಿಯನ್ನು ನೋಡಿಕೊಳ್ಳುವುದುಂಟು. ಒಂದೂ ಸಮಾಧಿ ಅನಾಥವಾಗಿಲ್ಲ. ದತ್ತು ಬೇಕೆನ್ನುವವರು ಸರದಿಗೆ ಕಾಯುತ್ತಿದ್ದಾರೆ. ಇಲ್ಲಿ ನಡೆಯುವುದು ರೊಕ್ಕದ ಕೆಲಸವೋ, ಮನಸ್ಸಿನ ಕೆಲಸವೋ ನೀವೇ ಹೇಳಿ.

ಈಗ ನಮ್ಮವರ ಮಾತು. 1914ರ ಸೆಪ್ಟೆಂಬರಿನಲ್ಲಿ ಭಾರತದ ಸಿಪಾಯಿಗಳು ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದರು. ಆ ಚಳಿಯನ್ನು ಅವರು ಎಂದೂ ಕಂಡವರಲ್ಲ. 1915ರ ಮಾರ್ಚ್ 10ರಿಂದ 13ರವರೆಗೆ ನವ್ ಶಪೆಲ್ ಎಂಬ ಹಳ್ಳಿಯಲ್ಲಿ ಘೋರ ಕಾಳಗವಾಯಿತು. ಅಲ್ಲಿ 1927ರಲ್ಲಿ ನಿರ್ಮಿಸಿದ ಸ್ಮಾರಕದ ಗೋಡೆಯ ಮೇಲೆ, ಫ್ರಾನ್ಸ್ ಮತ್ತು ಬೆಲ್ಜಿಯಮ್ಮಿನಲ್ಲಿ ಮಡಿದು ಗೋರಿಯಿಲ್ಲದ 4,700ಕ್ಕೂ ಹೆಚ್ಚು ಭಾರತೀಯ ಸಿಪಾಯಿಗಳ ಮತ್ತು ಕೂಲಿಕಾರರ ಹೆಸರುಗಳಿವೆ. ಹೊಸ ದಿಲ್ಲಿಯ ಕಟ್ಟಡಗಳನ್ನು ಕಟ್ಟಿದ ಹರ್ಬರ್ಟ್ ಬೇಕರ್ ಅದರ ಶಿಲ್ಪಿ. ಅಶೋಕನ ಸ್ತಂಭವನ್ನು ನೆನಪಿಗೆ ತರುವ 15 ಮೀಟರಿನ ಕಂಬ ಅಲ್ಲಿದೆ. ಗಢವಾಲದ ಗಬರ್ ಸಿಂಗ್ ನೇಗಿಯ ಹೆಸರೂ ಅಲ್ಲಿದೆ. ಮಾರ್ಚ್ 10ರಂದು ಮಡಿದ ಅವನಿಗೆ ವಿಕ್ಟೋರಿಯ ಕ್ರಾಸ್ ಪದಕ ಬಂತು. ಅವನ ಊರಿನ ಕಡೆ ಇಂದಿಗೂ ಅವನ ಹೆಸರಿನಲ್ಲಿ ಜಾತ್ರೆ ಸೇರುತ್ತದೆ.

ಅದೇ ಸ್ಮಾರಕದಲ್ಲಿ 1964ರಲ್ಲಿ ಮತ್ತೊಂದು ಹೆಸರಿನ ಫಲಕ ಸೇರಿತು. ಜರ್ಮನರ ಕೈಗೆ ಸೆರೆಸಿಕ್ಕು ಬರ್ಲಿನ್ ಕಡೆಯ ಶಿಬಿರದಲ್ಲಿ ಸತ್ತ 206 ಭಾರತೀಯರು ತ್ಸೇರೆನ್ಸ್‌ಡೋರ್ಫ್ ಎಂಬಲ್ಲಿ ಮಣ್ಣಾಗಿದ್ದರು. ಎರಡನೆಯ ಯುದ್ಧದ ನಂತರ ಆ ಜಾಗ ಸೋವಿಯತ್ ಸೈನ್ಯದ ವಶದಲ್ಲಿದ್ದುದರಿಂದ ಆಯೋಗಕ್ಕೆ ಪ್ರವೇಶವಿರಲಿಲ್ಲ, ಕಲ್ಲುಗಳು ಹಾಳಾದವು. ಗೋರಿ ಕಾಯಲಾಗದಿದ್ದರೆ ಹೆಸರನ್ನಾದರೂ ಕಾಯೋಣವೆಂದು ಅವರ ಹೆಸರುಗಳನ್ನು ಫ್ರಾನ್ಸಿನಲ್ಲಿ ಬರೆಸಿದರು. 1994ರಲ್ಲಿ ಸೈನ್ಯ ಹೊರಟುಹೋಯಿತು. 2005ರ ಹೊತ್ತಿಗೆ ಆ ಸ್ಮಶಾನವನ್ನು ಮತ್ತೆ ಕಟ್ಟಿ ಹೊಸ ಕಲ್ಲು ನಿಲ್ಲಿಸಿದರು. ಇಂಗ್ಲೆಂಡಿನ ಬ್ರೈಟನ್ ಬಳಿ ಗುಡ್ಡದ ಮೇಲೆ ದಹನ ಮಾಡಿದ 53 ಹಿಂದು ಮತ್ತು ಸಿಖ್ ಸಿಪಾಯಿಗಳಿಗೆ 1921ರಲ್ಲೇ ಛತ್ರಿ ಕಟ್ಟಿದ್ದರೂ, ಅವರ ಹೆಸರುಗಳು ಅದರ ಬಳಿ ಕಲ್ಲಿಗೆ ಬಂದದ್ದು 2010ರಲ್ಲಿ. ತಡವಾಯಿತು, ನಿಜ. ಆದರೆ ಬಂತು.

ನಮಗೆ ಹತ್ತಿರದ ನಂಟೂ ಒಂದಿದೆ. ನಮ್ಮ ಹುಡುಗರು ಭರ್ತಿಗೆಂದು ಹೋಗುವ ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್ಫೆಂಟ್ರಿಯ ಕೇಂದ್ರವಿದೆಯಷ್ಟೆ. ಆ ರೆಜಿಮೆಂಟಿನ ಯಶವಂತ ಘಾಡಗೆ ಎಂಬ ನಾಯಕನು 1944ರ ಜುಲೈ 10ರಂದು ಇಟಲಿಯಲ್ಲಿ, ತನ್ನ ತುಕಡಿಯ ಉಳಿದವರು ಬಿದ್ದ ಮೇಲೂ ಒಬ್ಬನೇ ಮುನ್ನುಗ್ಗಿ ಮಡಿದನು. ವಯಸ್ಸು 22. ಅವನಿಗೂ ವಿಕ್ಟೋರಿಯ ಕ್ರಾಸ್ ಬಂತು. ಅವನ ಹೆಸರು ಕಸ್ಸಿನೋ ಸ್ಮಾರಕದ ಮೇಲಿದೆ. ಯಾರೋ ಇಟಲಿಯ ಮಾಲಿ ಇಂದು ಬೆಳಿಗ್ಗೆಯೂ ಅದರ ಸುತ್ತಿನ ಹುಲ್ಲನ್ನು ಕತ್ತರಿಸಿರಬಹುದು.

ಆದರೆ ಹೊಗಳಿಕೆಯಲ್ಲೇ ಮಾತು ಮುಗಿಸಿದರೆ ಸತ್ಯಕ್ಕೆ ಅಪಚಾರವಾದೀತು. ಭೇದವಿಲ್ಲವೆಂದು ಸಾರಿದ ಆಯೋಗ ಯುರೋಪಿನಲ್ಲಿ ಬಹಳಮಟ್ಟಿಗೆ ನುಡಿದಂತೆ ನಡೆಯಿತು. ಆಫ್ರಿಕದಲ್ಲಿ, ಪಶ್ಚಿಮ ಏಷ್ಯದಲ್ಲಿ ನಡೆಯಲಿಲ್ಲ. 2021ರ ಏಪ್ರಿಲಿನಲ್ಲಿ ಆಯೋಗದ್ದೇ ಸಮಿತಿ ವರದಿ ಕೊಟ್ಟಿತು: ಮೊದಲ ಯುದ್ಧದಲ್ಲಿ ಮಡಿದ ಭಾರತ, ಆಫ್ರಿಕ, ಈಜಿಪ್ಟ್ ಮೊದಲಾದ ಕಡೆಯ 45,000ದಿಂದ 54,000 ಜನರಿಗೆ ಸಮಾನವಾದ ಸ್ಮರಣೆ ಸಿಗಲಿಲ್ಲ. ಕಡಿಮೆಯೆಂದರೂ 1,16,000 ಜನರ, ಬಹುಶಃ 3,50,000 ಜನರವರೆಗೆ, ಹೆಸರೇ ಎಲ್ಲೂ ಬರೆದಿಲ್ಲ. ಅವರಲ್ಲಿ ಬಹಳ ಮಂದಿ ಹೊರೆ ಹೊತ್ತ ಕೂಲಿಗಳು. ಇವರಿಗೆ ಕಲ್ಲಿನ ಅರ್ಥ ತಿಳಿಯದು ಎಂದು ಅಂದಿನ ಅಧಿಕಾರಿಗಳು ಭಾವಿಸಿದ್ದರಂತೆ! ಆಯೋಗ ಕ್ಷಮೆ ಕೇಳಿತು; ಬ್ರಿಟಿಷ್ ಸರಕಾರದ ಪರವಾಗಿ ರಕ್ಷಣಾ ಮಂತ್ರಿಯೂ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದನು. ಕ್ಷಮೆ ಒಳ್ಳೆಯದೇ. ಆದರೆ ಹೆಸರು ಹುಡುಕಿ ಬರೆದ ದಿನವೇ ಆ ಕ್ಷಮೆ ಪೂರ್ತಿಯಾಗುತ್ತದೆ. ಯುರೋಪಿನ ಹುಲ್ಲು ಎಷ್ಟು ಹಸಿರಾಗಿದ್ದರೂ, ಅಲ್ಲಿಯವರೆಗೆ ಆ ಪುಸ್ತಕದ ಲೆಕ್ಕ ಸರಿಹೋಗದು.

ಈಗ ಹಿಂದಿನ ಬೆಂಚಿನ ನನ್ನ ಹುಡುಗನಿಗೆ ಉತ್ತರ. ಮಗು, ರೊಕ್ಕ ಆಗುತ್ತದೆ, ನಿಜ. ಅದರಿಂದ ಶಾಲೆಗಳನ್ನು ಕಟ್ಟಬಹುದೆಂಬುದೂ ನಿಜ. ಆದರೆ ನೀನು ಲೆಕ್ಕವನ್ನು ಕೊನೆಯ ಸಾಲಿನಿಂದ ಹಿಡಿದೆ. ಹುಲ್ಲಿನ ಖರ್ಚು ಯುದ್ಧದ ಖರ್ಚಿನ ಕೊನೆಯ ಕಂತು. ಮೊದಲಿನ ಕಂತುಗಳು ಗುಂಡಿಗೆ, ತೋಪಿಗೆ, ಹಡಗಿಗೆ ಹೋದವು. ಶಾಲೆ ಕಟ್ಟಬಹುದಾಗಿದ್ದ ದೊಡ್ಡ ಗಂಟು ಅಲ್ಲಿಯೇ ಕರಗಿತು. ನೂರು ವರ್ಷವಾದರೂ ಸಾಲ ತೀರಿಲ್ಲ ಎಂಬುದನ್ನೇ ಆ ಬಿಳಿಯ ಕಲ್ಲುಗಳು ಹೇಳುತ್ತವೆ. ಹೊಸ ಯುದ್ಧ ಬೇಕೆನ್ನುವವರು ಆ ಸಾಲುಗಳ ನಡುವೆ ಒಮ್ಮೆ ನಡೆದು, ಪ್ರತಿ ಕಲ್ಲಿನ ಮೇಲಿನ ವಯಸ್ಸನ್ನು ಗಟ್ಟಿಯಾಗಿ ಓದಲಿ. ಆಮೇಲೂ ಬೇಕೆಂದರೆ ನೋಡೋಣ.

ನಾವು ಮಾಡಬೇಕಾದ್ದೇನು? ಯುರೋಪಿಗೆ ಹೋಗಬೇಕಾಗಿಲ್ಲ. ನಮ್ಮ ಊರುಗಳ ಹನುಮಂತ ದೇವರ ಗುಡಿಯ ಮಗ್ಗುಲಲ್ಲಿ, ಕೆರೆಯ ಏರಿಯ ಮೇಲೆ ವೀರಗಲ್ಲುಗಳು ಬಿದ್ದಿರುತ್ತವೆ. ಹೆಸರಿಗೊಂದು ಕಲ್ಲು ನಿಲ್ಲಿಸುವುದು ನಮ್ಮ ಹಿರಿಯರಿಗೂ ಗೊತ್ತಿತ್ತು. ನಿಲ್ಲಿಸಿದ್ದನ್ನು ಕಾಯುವುದು ನಮಗೆ ಮರೆತಿದೆ; ಎಮ್ಮೆ ಮೈ ತಿಕ್ಕಿಕೊಳ್ಳುವ ಕಲ್ಲುಗಳಾಗಿ ಅವು ಉಳಿದಿವೆ. ಒಂದು ರವಿವಾರ ನಾಲ್ಕು ಮಕ್ಕಳು ಒಂದು ಕೊಡ ನೀರು ಒಯ್ದರೆ ಸಾಕು.

ಪಾಲಕರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮನೆಯಿಂದ, ಓಣಿಯಿಂದ ಹಿಂದೆ ಯಾರಾದರೂ ದಂಡಿಗೆ ಹೋಗಿ ತಿರುಗಿ ಬರದೆ ಇದ್ದರೆ, ಅವರ ಹೆಸರು, ತಂದೆಯ ಹೆಸರು, ಪಲ್ಟಣಿನ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಮಕ್ಕಳ ಕೈಯಲ್ಲಿ ಕೊಟ್ಟು ಕಳಿಸಿರಿ. ಆಯೋಗದ ನೋಂದಣಿಯನ್ನು ಇಂದು ಕಂಪ್ಯೂಟರಿನಲ್ಲಿ ಯಾರು ಬೇಕಾದರೂ ಪುಕ್ಕಟೆಯಾಗಿ ನೋಡಬಹುದು. ಎರಡು ಮಹಾಯುದ್ಧಗಳಲ್ಲಿ ಮಡಿದವರ ಹೆಸರುಗಳನ್ನು ಮಕ್ಕಳೊಂದಿಗೆ ಕೂತು ನಾನೇ ಹುಡುಕುತ್ತೇನೆ. ಸಿಕ್ಕರೆ ಅವರ ಹೆಸರು ಯಾವ ದೇಶದ ಯಾವ ಗೋಡೆಯ ಮೇಲಿದೆ ಎಂದು ಮನೆಗೆ ತಿಳಿಸುತ್ತೇವೆ. ಸಿಗಲಿ ಸಿಗದಿರಲಿ, ನೀವು ಕಳಿಸಿದ ಎಲ್ಲ ಹೆಸರುಗಳನ್ನೂ ಮುಂದಿನ ವರ್ಷದ ಸಂಚಿಕೆಯಲ್ಲಿ, ಒಂದೇ ಅಳತೆಯ ಅಕ್ಷರಗಳಲ್ಲಿ ಅಚ್ಚು ಹಾಕಿಸುವ ಜವಾಬ್ದಾರಿ ನನ್ನದು.

— ಸಮಾಜಶಾಸ್ತ್ರ ಶಿಕ್ಷಕ